ಸ್ಲೈಡಿನಲ್ಲಿ ಕರುಳಿನ ಲೋಳೆ ಕಾಣುತ್ತಿಲ್ಲ: ಬ್ಯಾಕ್ಟೀರಿಯಾಗೂ ಗೋಡೆಗೂ ನಡುವಿನ ಅಂತರ ಕಾಯುವವರು ಯಾರು?

ಕ್ರಿಪ್ಟ್‌ತಳ (ಪ್ರಶ್ನೆ)

ಆರೋಗ್ಯವಾಗಿದ್ದ ಇಲಿಯ ದೊಡ್ಡ ಕರುಳು. ಒಳಭಾಗವನ್ನು ಲವಣದ್ರಾವಣದಲ್ಲಿ ತೊಳೆದು, 10% ಫಾರ್ಮಲಿನ್‌ನಲ್ಲಿ ಒಂದು ದಿನ ಇಟ್ಟು, ಪ್ಯಾರಾಫಿನ್ ಬ್ಲಾಕ್ ಮಾಡಿ, 5 ಮೈಕ್ರೊಮೀಟರ್ ಸೆಕ್ಷನ್‌ಗೆ ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕಿದ ಸ್ಲೈಡ್. ಗಾಬ್ಲೆಟ್ ಕೋಶಗಳ ಹೊಟ್ಟೆ ತುಂಬಿರುವುದು ಚೆನ್ನಾಗಿ ಕಾಣುತ್ತದೆ. ಆದರೆ ಅವು ಹೊರಗೆ ಸುರಿಸಿದ ಲೋಳೆಯ ಸುಳಿವೇ ಇಲ್ಲ. ಅಲ್ಲಲ್ಲಿ ಉಳಿದಿರುವ ಬ್ಯಾಕ್ಟೀರಿಯಾ ನೇರವಾಗಿ ಎಪಿಥೀಲಿಯಂ (ಗೋಡೆಯ ಒಳಮೈಯ ಕೋಶಗಳ ಸಾಲು) ಮೇಲೆಯೇ ಕೂತಿವೆ. ಪಠ್ಯದ ಚಿತ್ರದಲ್ಲಿ ಮಾತ್ರ ಎರಡು ಪದರ ಲೋಳೆ, ಒಳಪದರದಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲ. ಇವೆರಡರಲ್ಲಿ ಯಾವುದನ್ನು ನಂಬುವುದು?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಅನುಮಾನ. ಕರುಳಿನ ಐಜಿಎ ಪ್ರತಿಕಾಯ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕೊಲ್ಲದ ಪ್ರತಿಕಾಯವನ್ನು ದೇಹ ದಿನಕ್ಕೆ ಗ್ರಾಂಗಟ್ಟಲೆ ತಯಾರಿಸಿ ಮಲಕ್ಕೆ ಸುರಿಯುವುದಾದರೂ ಯಾಕೆ?

ಮೈಕ್ರೊಟೋಮ್

ಇಲಿಯದೇನೂ ತಪ್ಪಿಲ್ಲ, ತಪ್ಪು ಸ್ಲೈಡಿನದು. ಲೋಳೆ ಎರಡು ಸಲ ಕಳೆದುಹೋಗಿದೆ. ತೊಳೆದಾಗ ಒಮ್ಮೆ, ಫಾರ್ಮಲಿನ್‌ನಿಂದ ಪ್ಯಾರಾಫಿನ್‌ಗೆ ಹೋಗುವ ದಾರಿಯಲ್ಲಿ ಇನ್ನೊಮ್ಮೆ.

ಲೋಳೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಉಳಿದದ್ದರಲ್ಲಿ ಮುಖ್ಯವಾದದ್ದು ಮ್ಯೂಕ್-2 ಅನ್ನುವ ದೈತ್ಯ ಪ್ರೋಟೀನು. 5000ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿ, ಅದರ ಮೈತುಂಬ ಸಕ್ಕರೆಯ ಕವಲುಗಳು. ತೂಕದಲ್ಲಿ ಸುಮಾರು 80% ಆ ಸಕ್ಕರೆಯದ್ದೇ. ಫಾರ್ಮಲಿನ್ ಹಿಡಿದಿಡುವುದು ಪ್ರೋಟೀನನ್ನು, ಸಕ್ಕರೆಯನ್ನಲ್ಲ. ಆಮೇಲೆ ಆಲ್ಕೋಹಾಲಿನ ಮೆಟ್ಟಿಲುಗಳಲ್ಲಿ ನೀರು ತೆಗೆಯುತ್ತ ಹೋದ ಹಾಗೆ ಈ ಬಲೆ ಕುಸಿದು ನೂಲಿನೆಳೆಯಷ್ಟಾಗುತ್ತದೆ. ಅದರ ಮೇಲೆ ತೇಲುತ್ತಿದ್ದ ಬ್ಯಾಕ್ಟೀರಿಯಾ ಗೋಡೆಯ ಮೇಲೆ ಬೀಳುತ್ತವೆ. ನಿಮ್ಮ ಸ್ಲೈಡಿನಲ್ಲಿ ಅವು ಕೂತಿರುವುದಲ್ಲ, ಬಿದ್ದಿರುವುದು. ಎರಡು ಪದರದ ರಚನೆ 2008ರಲ್ಲಷ್ಟೇ ಸ್ಪಷ್ಟವಾಗಿ ವರದಿಯಾದದ್ದಕ್ಕೆ ಇದೂ ಒಂದು ಕಾರಣ. ಅಲ್ಲಿಯವರೆಗೆ ಬಹುಪಾಲು ಜನ ನೋಡುತ್ತಿದ್ದದ್ದು ನಿಮ್ಮಂಥ ಸ್ಲೈಡುಗಳನ್ನೇ.

ಲೋಳೆ ಉಳಿಯಬೇಕಾದರೆ ನೀರಿಲ್ಲದ ಮೆಥಕಾರ್ನ್ ಬೇಕು. ಮೆಥನಾಲ್ 60 ಭಾಗ, ಕ್ಲೋರೋಫಾರ್ಮ್ 30, ಗ್ಲೇಶಿಯಲ್ ಅಸಿಟಿಕ್ ಆಮ್ಲ 10. ಅದೇ ದಿನ, ಫ್ಯೂಮ್ ಹುಡ್ ಒಳಗೆ, ಗಾಜಿನ ಬಾಟಲಿಯಲ್ಲಿ ಬೆರೆಸಿ. ಪಾಲಿಸ್ಟೈರೀನ್ ಟ್ಯೂಬ್‌ಗೆ ಹಾಕಿದರೆ ಕ್ಲೋರೋಫಾರ್ಮ್ ಟ್ಯೂಬನ್ನೇ ಕರಗಿಸುತ್ತದೆ.

ಕರುಳನ್ನು ತೊಳೆಯಲೇಬೇಡಿ. ಒಳಗೆ ಮಲದ ಉಂಡೆ ಇರುವ ಭಾಗವನ್ನೇ ಆರಿಸಿ, ಉಂಡೆಯ ಎರಡೂ ಬದಿ ಕತ್ತರಿಸಿ, ಚಿಮಟಿಗೆಯಿಂದ ಒತ್ತದೆ ಹಾಗೆಯೇ ದ್ರಾವಣಕ್ಕೆ ಇಳಿಸಿ. ಕನಿಷ್ಠ 3 ಗಂಟೆ ಬೇಕು, ಎರಡು ವಾರ ಇಟ್ಟರೂ ಕೆಡುವುದಿಲ್ಲ. ಮುಂದೆ ಶುದ್ಧ ಮೆಥನಾಲ್ ಎರಡು ಬಾರಿ, ಶುದ್ಧ ಎಥನಾಲ್ ಎರಡು ಬಾರಿ, ಪ್ರತಿ ಬಾರಿಗೂ ಅರ್ಧ ಗಂಟೆಯಷ್ಟು. ಆಮೇಲೆ ಕ್ಸೈಲೀನ್, ಪ್ಯಾರಾಫಿನ್. ಅಭ್ಯಾಸಬಲದಿಂದ ನಡುವೆ 70% ಆಲ್ಕೋಹಾಲಿಗೆ ಹಾಕಿಬಿಡುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಆ 30% ನೀರು ಇಡೀ ಕೆಲಸ ಹಾಳು ಮಾಡಬಲ್ಲದು. ಸೆಕ್ಷನ್ ಕತ್ತರಿಸಿದ ಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ಮರೆಯುವುದೂ ಬೇಡ, ಲೋಳೆ ನೀರು ಕುಡಿದು ಹರಡಿಕೊಳ್ಳುತ್ತದೆ.

ಬಣ್ಣಕ್ಕೆ ಆಲ್ಶಿಯನ್ ಬ್ಲೂ ಸಾಕು. ಬ್ಯಾಕ್ಟೀರಿಯಾವನ್ನೂ ಸೇರಿಸಿ ನೋಡಬೇಕೆಂದರೆ ಅವುಗಳ 16ಎಸ್ ಆರ್‌ಎನ್‌ಎಗೆ ಅಂಟುವ ಇಯುಬಿ338 ಪ್ರೋಬ್ (ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಂಡು), ಜೊತೆಗೆ ಮ್ಯೂಕ್-2 ಪ್ರತಿಕಾಯ, ಡಿಎನ್‌ಎಗೆ ಬಣ್ಣ ಕೊಡುವ ಡ್ಯಾಪಿ. ಪ್ರೋಬ್ ದ್ರಾವಣದಲ್ಲಿ 0.9 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಟ್ರಿಸ್, 0.1% ಎಸ್‌ಡಿಎಸ್. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ. ಪಕ್ಕದ ಸೆಕ್ಷನ್‌ಗೆ ನಾನ್338 ಅನ್ನುವ, ಎಲ್ಲಿಯೂ ಅಂಟಬಾರದ ಪ್ರೋಬ್ ಕಡ್ಡಾಯವಾಗಿ ಹಾಕಿ. ಲೋಳೆ ಸುಮ್ಮನೆ ಬಣ್ಣ ಹಿಡಿದುಕೊಳ್ಳುವ ವಸ್ತು. ಇದಿಲ್ಲದೆ ಕಾಣುವ ಚುಕ್ಕೆಗಳನ್ನೆಲ್ಲ ಬ್ಯಾಕ್ಟೀರಿಯಾ ಎನ್ನಲಾಗುವುದಿಲ್ಲ.

ಹೀಗೆ ಮಾಡಿದರೆ ಇಲಿಯ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಗೋಡೆಗಂಟಿದ ಸುಮಾರು 50 ಮೈಕ್ರೊಮೀಟರ್ ಪಟ್ಟಿ ಬರಿದಾಗಿ ಕಾಣುತ್ತದೆ, ಅದರಾಚೆ ಬ್ಯಾಕ್ಟೀರಿಯಾದ ಜಾತ್ರೆ. ಮನುಷ್ಯರಲ್ಲಿ ಈ ಒಳಪದರ ಕೆಲವು ನೂರು ಮೈಕ್ರೊಮೀಟರ್ ಇರುತ್ತದೆ. ಅಳೆಯುವಾಗ ಕ್ರಿಪ್ಟ್‌ಗಳು (ಗೋಡೆಯಲ್ಲಿರುವ ಕೊಳವೆಯಂಥ ಗುಳಿಗಳು) ಬಾಯಿಂದ ತಳದವರೆಗೆ ಉದ್ದಕ್ಕೂ ಕಾಣುವ ಜಾಗಗಳನ್ನಷ್ಟೇ ಅಳೆಯಿರಿ. ಸೆಕ್ಷನ್ ಓರೆಯಾಗಿದ್ದರೆ 50 ಇದ್ದದ್ದು 90 ಆಗಿ ತೋರುತ್ತದೆ.

ವಿಲ್ಲೈ

ಮೇಲಿನದಕ್ಕೆ ಒಂದು ತಿದ್ದುಪಡಿ. 'ಗೋಡೆಗಂಟಿದ ಪಟ್ಟಿ' ಎನ್ನುವುದು ಪೂರ್ತಿ ಚಿತ್ರವಲ್ಲ. 2020ರಲ್ಲಿ ಬಂದ ಇಲಿಗಳ ಅಧ್ಯಯನದ ಪ್ರಕಾರ, ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ಹುಟ್ಟಿದ ಲೋಳೆ ಮಲದ ಉಂಡೆಗೆ ಹೊದಿಕೆಯಂತೆ ಸುತ್ತಿಕೊಂಡು ಅದರ ಜೊತೆಗೇ ಕೆಳಗೆ ಸಾಗುತ್ತದೆ. ಅಂದರೆ ಸ್ವಲ್ಪ ಮಟ್ಟಿಗೆ ಗೋಡೆಗೆ ಬಳಿಯುವ ಬದಲು ಮಲವನ್ನೇ ಕಟ್ಟಿ ಕಳಿಸುವ ವ್ಯವಸ್ಥೆ. ಉಂಡೆ ಇಲ್ಲದ ಜಾಗದಲ್ಲಿ ಕತ್ತರಿಸಿದರೆ ಅಳತೆ ಬೇರೆಯೇ ಬರುತ್ತದೆ. ಆದ್ದರಿಂದ ಎಲ್ಲ ಇಲಿಗಳಲ್ಲೂ ಒಂದೇ ಭಾಗ, ಒಂದೇ ಸ್ಥಿತಿ ಹೋಲಿಸಿ.

ಸಣ್ಣ ಕರುಳಿನ ಲೆಕ್ಕವೇ ಬೇರೆ. ಅಲ್ಲಿ ಪೋಷಕಾಂಶ ಹೀರಬೇಕು, ದಪ್ಪ ಲೋಳೆ ಇಟ್ಟುಕೊಂಡರೆ ಕೆಲಸ ಕೆಡುತ್ತದೆ. ಹಾಗಾಗಿ ಒಂದೇ ಪದರ, ಸಡಿಲವಾದದ್ದು, ಗೋಡೆಗೆ ಅಂಟಿರುವುದೂ ಇಲ್ಲ. ಅಂತರ ಕಾಯುವುದು ರಾಸಾಯನಿಕಗಳು. ಕ್ರಿಪ್ಟ್ ತಳದಲ್ಲಿರುವ ಪನೆತ್ ಕೋಶಗಳು ಲೈಸೋಜೈಮ್, ಫಾಸ್ಫೊಲೈಪೇಸ್, ಆಲ್ಫಾ ಡಿಫೆನ್ಸಿನ್‌ಗಳನ್ನು ಸುರಿಸುತ್ತವೆ. ಮನುಷ್ಯರ ಡಿಫೆನ್ಸಿನ್-5 ಕೋಶದೊಳಗೆ ಮೊಂಡಾಗಿರುತ್ತದೆ. ಟ್ರಿಪ್ಸಿನ್ ಎಂಬ ಕಿಣ್ವ ಒಂದು ತುಂಡು ಕತ್ತರಿಸಿದ ಮೇಲೆಯೇ ಅದಕ್ಕೆ ಮೊನೆ ಬರುವುದು. ಇಲ್ಲದಿದ್ದರೆ ತಯಾರಿಸುವ ಕೋಶವೇ ಮೊದಲ ಬಲಿ. ಡಿಫೆನ್ಸಿನ್-6 ಕೊಲ್ಲುವ ಗೋಜಿಗೇ ಹೋಗುವುದಿಲ್ಲ, ಬ್ಯಾಕ್ಟೀರಿಯಾ ಸುತ್ತ ಬಲೆ ನೇಯುತ್ತದೆ. ಇವುಗಳ ಜೊತೆಗೆ ರೆಗ್-3 ಗಾಮಾ ಇದೆ, ಇದನ್ನು ಪನೆತ್ ಕೋಶಗಳಲ್ಲದೆ ಸಾಮಾನ್ಯ ಹೀರುಕೋಶಗಳೂ ಮಾಡುತ್ತವೆ. ಇದು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾದ ಪೊರೆಗೆ ತೂತು ಹಾಕುತ್ತದೆ. ಈ ಜೀನ್ ಇಲ್ಲದ ಇಲಿಗಳಲ್ಲಿ ವಿಲ್ಲೈ (ಸಣ್ಣ ಕರುಳಿನ ಒಳಮೈಯ ಬೆರಳಿನಂಥ ಚಾಚುಗಳು) ಮೇಲಿನ ಸುಮಾರು 50 ಮೈಕ್ರೊಮೀಟರ್ ಖಾಲಿ ಜಾಗ ಮಾಯವಾಗುತ್ತದೆ ಅಂತ 2011ರಲ್ಲೇ ತೋರಿಸಿದ್ದಾರೆ.

ಜೆ_ಸರಪಳಿ

ಐಜಿಎ ಪ್ರಶ್ನೆಗೆ.

ಕೊಲ್ಲುವುದು ಕರುಳಿನಲ್ಲಿ ದುಬಾರಿ ವ್ಯವಹಾರ. ಕಾಂಪ್ಲಿಮೆಂಟ್ (ರೋಗಾಣು ಒಡೆಯುವ ರಕ್ತದ ಪ್ರೋಟೀನುಗಳ ಗುಂಪು) ಎಬ್ಬಿಸಿ ಬ್ಯಾಕ್ಟೀರಿಯಾ ಒಡೆದರೆ ಅದರ ಚಿಪ್ಪಿನ ಲಿಪೊಪಾಲಿಸ್ಯಾಕರೈಡ್ ಚೆಲ್ಲುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿಬರುತ್ತವೆ, ಅವು ಎರಚುವ ಆಕ್ಸಿಡೆಂಟ್‌ಗಳಿಗೆ ಮೊದಲು ಸುಡುವುದು ನಮ್ಮದೇ ಗೋಡೆ. ಆ ಗೋಡೆಯಾದರೂ ಎಷ್ಟು ದಪ್ಪ? ಒಂದೇ ಸಾಲು ಕೋಶ. ದಿನವೂ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಎದುರಿಗಿರುವಾಗ ಯುದ್ಧಕ್ಕೆ ನಿಂತರೆ ಮುಗಿಯುವ ಮಾತಲ್ಲ. ಐಜಿಎ ಕಾಂಪ್ಲಿಮೆಂಟಿನ ಕ್ಲಾಸಿಕಲ್ ದಾರಿಯನ್ನು ಎಬ್ಬಿಸುವುದಿಲ್ಲ ಅನ್ನುವುದು ಅದರ ಕೊರತೆಯಲ್ಲ, ಅರ್ಹತೆ.

ಅದು ಹೊರಗೆ ಬರುವ ದಾರಿ ನೋಡಿ. ಎಪಿಥೀಲಿಯಂ ಕೆಳಗಿನ ಲ್ಯಾಮಿನಾ ಪ್ರೊಪ್ರಿಯಾ ಪದರದಲ್ಲಿ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಕೂತಿರುತ್ತವೆ. ದೇಹದ ಒಟ್ಟು ಪ್ಲಾಸ್ಮಾ ಕೋಶಗಳಲ್ಲಿ ಸುಮಾರು 80% ಇಲ್ಲೇ. ಅವು ಎರಡೆರಡು ಐಜಿಎಗಳನ್ನು ಜೆ ಸರಪಳಿಯಿಂದ ಜೋಡಿಸಿ ಬಿಡುತ್ತವೆ. ಎಪಿಥೀಲಿಯಲ್ ಕೋಶದ ತಳಭಾಗದಲ್ಲಿರುವ ಪಾಲಿ-ಐಜಿ ಗ್ರಾಹಕ ಆ ಜೋಡಿಯನ್ನು ಹಿಡಿದು, ಚೀಲದಲ್ಲಿ ಹಾಕಿ ಕೋಶದ ಮೂಲಕವೇ ಮೇಲಕ್ಕೆ ಸಾಗಿಸುತ್ತದೆ. ಮೇಲೆ ತಲುಪಿದ ಮೇಲೆ ಗ್ರಾಹಕವನ್ನೇ ಕತ್ತರಿಸಲಾಗುತ್ತದೆ. ಕತ್ತರಿಸಿದ ತುಂಡು ಐಜಿಎ ಮೈಗೆ ಸುತ್ತಿಕೊಂಡು ಹೊರಬೀಳುತ್ತದೆ. ಅದೇ ಸಿಕ್ರೀಟರಿ ಕಾಂಪೊನೆಂಟ್. ಈ ಗ್ರಾಹಕ ಮರಳಿ ಬಳಕೆಗೆ ಬರುವುದಿಲ್ಲ, ಒಂದು ಜೋಡಿಗೆ ಒಂದು ಖರ್ಚು. ದೊಡ್ಡವರ ಕರುಳಿಗೆ ದಿನಕ್ಕೆ 3ರಿಂದ 5 ಗ್ರಾಂ ಐಜಿಎ ಹೀಗೆ ಬರುತ್ತದೆ. ಸುತ್ತಿಕೊಂಡ ಆ ತುಂಡು ಪ್ರತಿಕಾಯವನ್ನು ಜೀರ್ಣಕಿಣ್ವಗಳಿಂದ ಕಾಯುತ್ತದೆ, ಅದರ ಸಕ್ಕರೆಗಳು ಲೋಳೆಗೆ ಅಂಟಿಸಿಡುತ್ತವೆ.

ಹೊರಗೆ ಬಂದು ಮಾಡುವುದೇನು? ವಿಷಗಳ ಅಂಟುಮೂಲೆ ಮುಚ್ಚುತ್ತದೆ, ಬ್ಯಾಕ್ಟೀರಿಯಾದ ಬಾಲ ಹಿಡಿದು ಈಜು ನಿಲ್ಲಿಸುತ್ತದೆ. ಇವೆಲ್ಲ ಪಠ್ಯದಲ್ಲಿ ಸಿಗುತ್ತವೆ. ಹೆಚ್ಚು ಜನ ಗಮನಿಸದ ಕೆಲಸ ಇನ್ನೊಂದಿದೆ. ಹಿಂದೆ ಹೇಳುತ್ತಿದ್ದದ್ದು, ಐಜಿಎ ಎರಡು ಬ್ಯಾಕ್ಟೀರಿಯಾವನ್ನು ಒಂದಕ್ಕೊಂದು ಅಂಟಿಸಿ ಗುಂಪು ಕಟ್ಟುತ್ತದೆ ಅಂತ. ಲೆಕ್ಕ ಹಾಕಿದರೆ ಅದಕ್ಕೆ ಅವು ಮೊದಲು ಡಿಕ್ಕಿ ಹೊಡೆಯಬೇಕು. ಒಂದು ಗ್ರಾಂಗೆ ಹತ್ತು ಕೋಟಿಯಷ್ಟು ಸಾಂದ್ರತೆ ಇದ್ದರೆ ಮಾತ್ರ ಅದು ಬೇಗ ನಡೆಯುತ್ತದೆ. ಹೊರಗಿನಿಂದ ಬರುವ ರೋಗಾಣು ಶುರುವಿನಲ್ಲಿ ಅಷ್ಟೆಲ್ಲಿರುತ್ತದೆ? 2017ರಲ್ಲಿ ಇಲಿಗಳಲ್ಲಿ ಸಾಲ್ಮೊನೆಲ್ಲಾ ಬಳಸಿ ತೋರಿಸಿದ್ದು ಹೀಗೆ: ಬ್ಯಾಕ್ಟೀರಿಯಾ ಒಂದು ಎರಡಾಗಿ ಒಡೆದಾಗ ಐಜಿಎ ಆ ಎರಡನ್ನು ಬೇರೆಯಾಗಲು ಬಿಡುವುದಿಲ್ಲ. ಎರಡು ನಾಲ್ಕು, ನಾಲ್ಕು ಎಂಟು, ಎಲ್ಲವೂ ಒಂದೇ ಮುದ್ದೆ. ಆ ಮುದ್ದೆ ಲೋಳೆಯೊಳಗೆ ತೂರಲಾಗದೆ ಮಲದ ಜೊತೆ ಹೊರಗೆ. ಡಿಕ್ಕಿಯ ಅಗತ್ಯವೇ ಇಲ್ಲ. ಒಂದೇ ಒಂದು ಬ್ಯಾಕ್ಟೀರಿಯಾ ಇದ್ದರೂ ಈ ಉಪಾಯ ನಡೆಯುತ್ತದೆ. ಒಂದೇ ತಾಯಿಯ ಸಂತಾನ ಒಂದೇ ಮುದ್ದೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಬೇರೆ ತಳಿಗಳ ಜೊತೆ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಕೊಡುಕೊಳ್ಳುವಿಕೆಗೂ ಅಡ್ಡಿ.

ಎಲ್ಲ ಬ್ಯಾಕ್ಟೀರಿಯಾಗೂ ಐಜಿಎ ಶತ್ರುವೇ ಅಂದುಕೊಳ್ಳಬೇಡಿ. ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ತನ್ನ ಮೇಲಿನ ಐಜಿಎಯನ್ನೇ ಹಿಡಿಕೆ ಮಾಡಿಕೊಂಡು ಲೋಳೆಯಲ್ಲಿ ನೆಲೆಯೂರುತ್ತದೆ.

ಕ್ರಿಪ್ಟ್‌ತಳ

ಉತ್ತರಗಳಿಗೆ ಧನ್ಯವಾದ. ಹಾಗಾದರೆ ಮನುಷ್ಯರಲ್ಲಿ ರಕ್ತದ ಒಟ್ಟು ಐಜಿಎ ಅಳೆದರೆ ಕರುಳಿನ ರಕ್ಷಣೆ ಹೇಗಿದೆ ಎಂದು ತಿಳಿಯಬಹುದೇ? 'ಸೋರುವ ಕರುಳು' ಅಂತ ಝಾನ್ಯುಲಿನ್ ಟೆಸ್ಟ್ ಮಾಡುತ್ತಾರಲ್ಲ, ಅದು?

ಬೆಂಚಿನ_ಮೇಲೆ

ರಕ್ತದ ಐಜಿಎ ಕರುಳಿನದ್ದಲ್ಲ. ಅದು ಬಹುತೇಕ ಒಂಟಿ ಐಜಿಎ1, ಮೂಳೆಮಜ್ಜೆಯಲ್ಲಿ ತಯಾರಾದದ್ದು. ಕರುಳಿನದು ಜೋಡಿ, ದೊಡ್ಡ ಕರುಳಿಗೆ ಹೋದಂತೆ ಅದರಲ್ಲಿ ಐಜಿಎ2ರ ಪಾಲು ಹೆಚ್ಚು. ಒಂದರ ಮಟ್ಟ ನೋಡಿ ಇನ್ನೊಂದನ್ನು ಊಹಿಸುವ ಹಾಗಿಲ್ಲ.

ಹಾಗಂತ ಆ ಟೆಸ್ಟ್ ದಂಡವೂ ಅಲ್ಲ. 4 ವರ್ಷ ದಾಟಿದವರಲ್ಲಿ 1 ಡೆಸಿಲೀಟರ್‌ಗೆ 7 ಮಿಲಿಗ್ರಾಂಗಿಂತ ಕಡಿಮೆ ಇದ್ದು, ಐಜಿಜಿ, ಐಜಿಎಂ ಸರಿಯಿದ್ದರೆ ಅದು ಸೆಲೆಕ್ಟಿವ್ ಐಜಿಎ ಕೊರತೆ. ಇಂಥವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣದು. ಕಾರಣ, ಐಜಿಎಂನಲ್ಲೂ ಜೆ ಸರಪಳಿ ಇದೆ, ಅದೇ ಗ್ರಾಹಕ ಅದನ್ನೂ ಹೊರಗೆ ಸಾಗಿಸುತ್ತದೆ. ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಮಾತ್ರ ಇವರನ್ನು ಹೆಚ್ಚು ಕಾಡುತ್ತದೆ. ಎಡವುವುದು ಸೀಲಿಯಾಕ್ (ಗ್ಲುಟೆನ್‌ನಿಂದ ಸಣ್ಣ ಕರುಳು ಕೆಡುವ ಕಾಯಿಲೆ) ಪತ್ತೆಯಲ್ಲಿ. ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಟೆಸ್ಟ್ ಹುಡುಕುವುದು ಐಜಿಎ ಜಾತಿಯ ಪ್ರತಿಕಾಯವನ್ನೇ. ಐಜಿಎಯೇ ಇಲ್ಲದವರಲ್ಲಿ ಅದು ಹುಸಿ ನೆಗೆಟಿವ್ ಬರುತ್ತದೆ. ಐಜಿಎ ಕೊರತೆ ಇರುವವರಲ್ಲಿ ಸೀಲಿಯಾಕ್ ಪ್ರಮಾಣವೂ ಹೆಚ್ಚು, ಹಾಗಾಗಿ ತಪ್ಪಿಹೋಗುವುದು ತಪ್ಪಬಾರದವರೇ. ಜೊತೆಗೆ ಒಟ್ಟು ಐಜಿಎ ನೋಡಿ, ಕಡಿಮೆ ಇದ್ದರೆ ಐಜಿಜಿ ಆಧಾರದ ಟೆಸ್ಟಿಗೆ ಹೋಗಬೇಕು. ರಕ್ತ ಕೊಡುವ ಮೊದಲೇ ಗ್ಲುಟೆನ್ ನಿಲ್ಲಿಸಿದ್ದರೂ ಫಲಿತಾಂಶ ಕೆಡುತ್ತದೆ.

ಝಾನ್ಯುಲಿನ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ಆ ಅಂಕಿಯ ಮೇಲೆ ಯಾವ ನಿರ್ಧಾರವನ್ನೂ ಮಾಡಬೇಡಿ. ಝಾನ್ಯುಲಿನ್ ಅಂದರೆ ಪ್ರಿಹ್ಯಾಪ್ಟೊಗ್ಲೋಬಿನ್-2, ಕರುಳಿನ ಕೋಶಗಳ ನಡುವಿನ ಬೆಸುಗೆ ಸಡಿಲಿಸುತ್ತದೆ ಎನ್ನಲಾದ ಪ್ರೋಟೀನು. ಮಾರುಕಟ್ಟೆಯ ಎಲೈಸಾ ಕಿಟ್‌ಗಳನ್ನು ಪರೀಕ್ಷಿಸಿದಾಗ ಅವು ಹಿಡಿಯುತ್ತಿದ್ದದ್ದು ಆ ಪ್ರೋಟೀನನ್ನೇ ಅಲ್ಲ ಎಂದು 2018ರಲ್ಲೇ ವರದಿಯಾಗಿದೆ. ಸೋರಿಕೆ ಅಳೆಯಲು ಹಳೆಯ ಲ್ಯಾಕ್ಟುಲೋಸ್-ಮ್ಯಾನಿಟಾಲ್ ಟೆಸ್ಟ್ ಎಷ್ಟೋ ವಾಸಿ. ಖಾಲಿ ಹೊಟ್ಟೆಗೆ ಸಾಮಾನ್ಯವಾಗಿ 5 ಗ್ರಾಂ ಲ್ಯಾಕ್ಟುಲೋಸ್, 2 ಗ್ರಾಂ ಮ್ಯಾನಿಟಾಲ್ ಕುಡಿಸಿ, ಮುಂದಿನ ಐದಾರು ಗಂಟೆಯ ಮೂತ್ರವನ್ನು ಪೂರ್ತಿ ಸಂಗ್ರಹಿಸಿ, ಎರಡರ ಅನುಪಾತ ನೋಡುತ್ತಾರೆ. ಸೋರಿಕೆ ಇದ್ದರೆ ದೊಡ್ಡ ಅಣುವಾದ ಲ್ಯಾಕ್ಟುಲೋಸಿನ ಪಾಲು ಏರುತ್ತದೆ. ಎರಡನ್ನೂ ಕೊಡುವುದು, ಮೂತ್ರಪಿಂಡ, ಜಠರದ ವೇಗ ಮುಂತಾದವು ಎರಡಕ್ಕೂ ಸಮನಾಗಿ ತಾಗಿ ಅನುಪಾತದಲ್ಲಿ ವಜಾ ಆಗಲಿ ಅಂತ. ಸಿಹಿಕಾರಕವಾಗಿ ಮ್ಯಾನಿಟಾಲ್ ಇರುವ ಚೂಯಿಂಗ್ ಗಮ್ ಜಗಿದು ಬಂದರೂ ಲೆಕ್ಕ ತಪ್ಪುತ್ತದೆ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಈ ಎರಡನ್ನೂ ತಿಂದುಬಿಡುವುದರಿಂದ ಇದು ಸಣ್ಣ ಕರುಳಿನ ಸುದ್ದಿ ಮಾತ್ರ.

ಉರಿಯೂತ ಇದೆಯೇ ಇಲ್ಲವೇ ಅನ್ನುವುದಷ್ಟೇ ಪ್ರಶ್ನೆಯಾದರೆ ಮಲದ ಕ್ಯಾಲ್ಪ್ರೊಟೆಕ್ಟಿನ್ ಸಾಕು. ಅದು ನ್ಯೂಟ್ರೋಫಿಲ್ ಹೊತ್ತುತರುವ ಪ್ರೋಟೀನು. ದೊಡ್ಡವರಲ್ಲಿ 1 ಗ್ರಾಂ ಮಲಕ್ಕೆ 50 ಮೈಕ್ರೊಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ಇದನ್ನು ಏರಿಸುತ್ತವೆ, ಕೇಳದೆ ರಿಪೋರ್ಟ್ ಓದಬೇಡಿ. ಹಸುಗೂಸುಗಳಲ್ಲಿ ಮಟ್ಟ ಸಹಜವಾಗಿಯೇ ಎತ್ತರ, ದೊಡ್ಡವರ ಮಿತಿ ಅವರಿಗೆ ಹೊಂದದು.

ದುಗ್ಧನಾಳ

ಇಷ್ಟು ಹೊತ್ತು ಕಾವಲಿನ ಮಾತಾಯಿತು. ಯಾವುದರ ಮೇಲೆ ಐಜಿಎ ಮಾಡಬೇಕು ಅಂತ ಆ ಪ್ಲಾಸ್ಮಾ ಕೋಶಕ್ಕೆ ಹೇಳುವವರು ಯಾರು? ಬ್ಯಾಕ್ಟೀರಿಯಾ ದೂರ ಇದ್ದರೆ ಗುರುತು ಸಿಗುವುದು ಹೇಗೆ?

ಅದಕ್ಕೇ ದೇಹ ಬೇಕೆಂದೇ ಕೆಲವು ಕಿಂಡಿ ಬಿಟ್ಟಿದೆ. ಸಣ್ಣ ಕರುಳಿನಲ್ಲಿ, ಅದರಲ್ಲೂ ಕೊನೆಯ ಇಲಿಯಂ ಭಾಗದಲ್ಲಿ, ಪೇಯರ್ಸ್ ಪ್ಯಾಚ್‌ಗಳಿವೆ. 1677ರಲ್ಲಿ ಪೇಯರ್ ವಿವರಿಸಿದ್ದು. ಅವುಗಳ ಮೇಲಿನ ಎಂ ಕೋಶಗಳಿಗೆ ಲೋಳೆಯ ಹೊದಿಕೆ ತೆಳು. ಎದುರಿಗೆ ಬಂದದ್ದನ್ನು ನುಂಗಿ, ಜೀರ್ಣಿಸದೆ, ಕೆಳಗೆ ಕಾದಿರುವ ಡೆಂಡ್ರೈಟಿಕ್ ಕೋಶಕ್ಕೆ ದಾಟಿಸುತ್ತವೆ. ಅಲ್ಲಿ ತರಬೇತಾದ ಬಿ ಕೋಶಗಳು ದುಗ್ಧನಾಳ ಹಿಡಿದು, ರಕ್ತಕ್ಕೆ ಸೇರಿ, ಮತ್ತೆ ಕರುಳಿಗೇ ವಾಪಸು ಬರುತ್ತವೆ. ವಿಳಾಸದ ಚೀಟಿ ಅಂದರೆ ಆಲ್ಫಾ4-ಬೀಟಾ7 ಇಂಟೆಗ್ರಿನ್. ಕರುಳಿನ ರಕ್ತನಾಳದ ಮೇಲಿರುವ ಮ್ಯಾಡ್‌ಕ್ಯಾಮ್-1 ಅದನ್ನು ಹಿಡಿಯುತ್ತದೆ. ಚೀಟಿ ಬರೆಯಲು ಬೇಕಾದ ರೆಟಿನೊಯಿಕ್ ಆಮ್ಲವನ್ನು ಡೆಂಡ್ರೈಟಿಕ್ ಕೋಶಗಳು ವಿಟಮಿನ್ ಎ ಇಂದ ಮಾಡುತ್ತವೆ. ವಿಟಮಿನ್ ಎ ಕೊರತೆಯಾದರೆ ಕೋಶಗಳು ಹುಟ್ಟಿದರೂ ಕರುಳಿನ ದಾರಿ ತಿಳಿಯದೆ ಅಲೆಯುತ್ತವೆ. 2014ರಲ್ಲಿ ಅನುಮತಿ ಪಡೆದ ವೆಡೊಲಿಜುಮ್ಯಾಬ್ ಇದೇ ಚೀಟಿಯನ್ನು ಮುಚ್ಚಿ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್‌ನಲ್ಲಿ ಕೋಶಗಳ ಪ್ರವೇಶ ತಡೆಯುತ್ತದೆ.

ಕಿಂಡಿ ಬಿಟ್ಟ ಮೇಲೆ ಕಳ್ಳರೂ ಬರುತ್ತಾರೆ. ಟೈಫಾಯ್ಡ್ ಬ್ಯಾಕ್ಟೀರಿಯಾ ನುಸುಳುವ ಮುಖ್ಯ ದಾರಿ ಈ ಎಂ ಕೋಶಗಳೇ. ಪೇಯರ್ಸ್ ಪ್ಯಾಚ್ ಕರುಳಿನ ಉದ್ದಕ್ಕೆ ಮಲಗಿರುವುದರಿಂದ ಟೈಫಾಯ್ಡ್ ಹುಣ್ಣೂ ಉದ್ದಕ್ಕೇ, ಕ್ಷಯದ ಹುಣ್ಣು ಅಡ್ಡಕ್ಕೆ. ಪ್ಯಾಥಾಲಜಿ ಪ್ರಾಕ್ಟಿಕಲ್‌ನಲ್ಲಿ ಬಾಯಿಪಾಠ ಮಾಡುವ ಈ ವ್ಯತ್ಯಾಸದ ಕಾರಣ ಇದೇ.

ಇನ್ನು ಕೆಳಗಿನ ಮ್ಯಾಕ್ರೊಫೇಜ್‌ಗಳು. ಬೇರೆಡೆ ಇವು ಬ್ಯಾಕ್ಟೀರಿಯಾ ನುಂಗಿದರೆ ಕೂಗೆಬ್ಬಿಸುತ್ತವೆ, ಇಲ್ಲಿ ಸದ್ದಿಲ್ಲದೆ ನುಂಗುತ್ತವೆ. ಹಾಗೆ ಸುಮ್ಮನಿರಿಸುವುದರಲ್ಲಿ ಉರಿಯೂತ ತಗ್ಗಿಸುವ ಸಂಕೇತ ಪ್ರೋಟೀನಾದ ಐಎಲ್-10ರ ಪಾಲು ದೊಡ್ಡದು. ಆ ಜೀನ್ ಇಲ್ಲದ ಇಲಿಗಳಿಗೆ ತಾನಾಗಿಯೇ ಕೊಲೈಟಿಸ್ ಬರುತ್ತದೆ ಅಂತ 1993ರಲ್ಲೇ ಗೊತ್ತಾಯಿತು. ಐಎಲ್-10 ಗ್ರಾಹಕ ಕೆಟ್ಟ ಶಿಶುಗಳಲ್ಲಿ ಹುಟ್ಟಿದ ತಿಂಗಳುಗಳಲ್ಲೇ ತೀವ್ರ ಕರುಳುರಿಯೂತ ಕಾಣಿಸಿಕೊಳ್ಳುತ್ತದೆ.

ಕ್ರಿಪ್ಟ್‌ತಳ

ಕೊನೆಯದು. ಮೆಥಕಾರ್ನ್ ಮಾಡುತ್ತೇನೆ. ಒಳಪದರ ಮುರಿದರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಪಾಸಿಟಿವ್ ಕಂಟ್ರೋಲ್ ಯಾವುದು?

ಮೈಕ್ರೊಟೋಮ್

ಡಿಎಸ್‌ಎಸ್, ಅಂದರೆ ಡೆಕ್ಸ್ಟ್ರಾನ್ ಸಲ್ಫೇಟ್. ಅಣುತೂಕ 36,000ದಿಂದ 50,000 ಇರುವುದು. ಕುಡಿಯುವ ನೀರಿಗೆ 3%. ಎಲ್ಲರೂ ಐದಾರು ದಿನ ಕಾದು, ರಕ್ತಭೇದಿ ಬಂದ ಮೇಲೆ ಅಂಗಾಂಶ ತೆಗೆಯುತ್ತಾರೆ. ಆಗ ಕಾಣುವುದು ಉರಿಯೂತದ ಅವಶೇಷ, ಏನು ಮೊದಲಾಯಿತು ಏನು ಆಮೇಲಾಯಿತು ತಿಳಿಯುವುದಿಲ್ಲ. ನೀವು 12 ಗಂಟೆಗೆ ಒಂದು ಗುಂಪು ತೆಗೆಯಿರಿ. ಅಷ್ಟರಲ್ಲೇ ಬ್ಯಾಕ್ಟೀರಿಯಾ ಒಳಪದರದೊಳಗೆ ಇಳಿದಿರುತ್ತವೆ, ಎಪಿಥೀಲಿಯಂ ಮಾತ್ರ ಇನ್ನೂ ಅಚ್ಚುಕಟ್ಟಾಗಿರುತ್ತದೆ. ಒಂದು ನ್ಯೂಟ್ರೋಫಿಲ್ ಕೂಡ ಬಂದಿರುವುದಿಲ್ಲ. ಅಂತರ ಹೋದದ್ದು ಮೊದಲು, ಉರಿಯೂತ ಆಮೇಲೆ ಅನ್ನುವುದಕ್ಕೆ ಈ ಒಂದು ಸ್ಲೈಡ್ ಸಾಕು.

ಉಳಿದ ಅಂಗಾಂಶದಿಂದ ಆರ್‌ಎನ್‌ಎ ತೆಗೆಯುವ ಯೋಚನೆಯಿದ್ದರೆ ಎಚ್ಚರ. ಡಿಎಸ್‌ಎಸ್ ಆರ್‌ಎನ್‌ಎ ಜೊತೆಗೇ ಇಳಿದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು ಹಿಡಿದಿಟ್ಟುಬಿಡುತ್ತದೆ. ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ ಅಂಕಿ ಚೆನ್ನಾಗಿರುತ್ತದೆ, ಪಿಸಿಆರ್ ಮಾತ್ರ ಬರುವುದಿಲ್ಲ. ಡಿಎಸ್‌ಎಸ್ ಗುಂಪಿನಲ್ಲಿ ಎಲ್ಲ ಜೀನ್‌ಗಳೂ 'ಇಳಿದಂತೆ' ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಲಿಥಿಯಂ ಕ್ಲೋರೈಡ್‌ನಿಂದ ಆರ್‌ಎನ್‌ಎ ಮತ್ತೊಮ್ಮೆ ಅವಕ್ಷೇಪಿಸಿ ತೊಳೆದರೆ ಸರಿಹೋಗುತ್ತದೆ. ಡಿಎಸ್‌ಎಸ್ ಕುಡಿಸದ ಕಂಟ್ರೋಲ್ ಮಾದರಿಗಳಿಗೂ ಅದೇ ಹೆಜ್ಜೆ ಮಾಡಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.